ಸೆಕೆಂಡ್ ಅವೆನ್ಯೂವಿನ ಇಟ್ಟಿಗೆಯ ಮನೆ

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರಕ್ಕೆ ಕೆನಡಾ ಇದೆಯೆಂಬುದು ಶಾಲೆಯ ಮಕ್ಕಳೂ ಬಲ್ಲ ಸಂಗತಿ. ಆದರೆ ಮಿಷಿಗನ್ ಪ್ರಾಂತದ ಡೆಟ್ರಾಯ್ಟ್ ನಗರದ ನದೀತೀರದಲ್ಲಿ ನಿಂತವನು ಕೆನಡಾವನ್ನು ನೋಡಬೇಕಾದರೆ ದಕ್ಷಿಣಕ್ಕೆ ಮುಖಮಾಡಬೇಕು. ನದಿಯು ಅಲ್ಲಿ ತಿರುವು ತೆಗೆದುಕೊಂಡು ಹರಿಯುವುದರಿಂದ ಕೆನಡಾದ ವಿಂಡ್ಸರ್ ಪಟ್ಟಣ ತೆಂಕಣ ದಡದಲ್ಲಿ ಕುಳಿತಿದೆ. 1701ರಲ್ಲಿ ಇಲ್ಲಿ ಕೋಟೆ ಕಟ್ಟಿದ ಫ್ರೆಂಚರು ಈ ಕಿರಿದಾದ ನೀರಿನ ಹಾದಿಯನ್ನು ಕಂಡು, ತಮ್ಮ ಭಾಷೆಯಲ್ಲಿ ಜಲಸಂಧಿ ಎಂಬ ಅರ್ಥ ಬರುವ ಹೆಸರನ್ನೇ ಊರಿಗಿಟ್ಟರು.

ಊರಿನ ಹೆಸರನ್ನು ಲೋಕವೆಲ್ಲ ಬಲ್ಲಂತೆ ಮಾಡಿದುದು ಮಾತ್ರ ನದಿಯಲ್ಲ, ಮೋಟಾರು. 1913ರಲ್ಲಿ ಹೆನ್ರಿ ಫೋರ್ಡನು ಹೈಲೆಂಡ್ ಪಾರ್ಕಿನ ಕಾರ್ಖಾನೆಯಲ್ಲಿ ಚಲಿಸುವ ಜೋಡಣೆಯ ಸಾಲನ್ನು ಆರಂಭಿಸಿದನು. ಮರುವರ್ಷವೇ ದಿನಕ್ಕೆ 5 ಡಾಲರ್ ಕೂಲಿ ಕೊಡುವುದಾಗಿ ಸಾರಿದನು. ಮೋಟಾರಿನ ಉದ್ಯಮ ಬೆಳೆದಂತೆ, ದಕ್ಷಿಣದ ಹತ್ತಿಯ ಹೊಲಗಳಲ್ಲಿ ತಲೆಮಾರುಗಳಿಂದ ದುಡಿದು ಬಳಲಿದ್ದ ಕಪ್ಪು ಜನರು ಗಂಟುಮೂಟೆ ಕಟ್ಟಿಕೊಂಡು, ರೈಲು ಹತ್ತಿ ಉತ್ತರಕ್ಕೆ ಬಂದರು. ಅವರ ಗಂಟಿನಲ್ಲಿ ಬಟ್ಟೆಬರೆಯೊಡನೆ ಹಾಡೂ ಬಂದಿತು. 1950ರಲ್ಲಿ ಈ ಊರಿನ ಜನಸಂಖ್ಯೆ ಹದಿನೆಂಟೂವರೆ ಲಕ್ಷದ ಸಮೀಪಕ್ಕೆ ಏರಿದ್ದಿತು. 2020ರ ಗಣತಿಯಲ್ಲಿ ಲೆಕ್ಕಕ್ಕೆ ಸಿಕ್ಕವರು 6 ಲಕ್ಷ 39 ಸಾವಿರ ಜನ ಮಾತ್ರ. ಎಪ್ಪತ್ತು ವರ್ಷಗಳಲ್ಲಿ ಮೂವರಲ್ಲಿ ಇಬ್ಬರು ಕಾಣೆಯಾದ ಊರು ಇದು. ಬರಿದಾದ ನಿವೇಶನಗಳಲ್ಲಿ ಹುಲ್ಲು ಎದೆಯೆತ್ತರ ಬೆಳೆದಿರುವ ಬೀದಿಗಳು ಇಲ್ಲಿ ಎಷ್ಟೋ ಇವೆ.

ಸಂಗೀತದ ಗೀಳು ಹಿಡಿದು ಡೆಟ್ರಾಯ್ಟಿಗೆ ಬರುವ ಪ್ರವಾಸಿಗರು ಸಾಮಾನ್ಯವಾಗಿ ವೆಸ್ಟ್ ಗ್ರ್ಯಾಂಡ್ ಬೂಲವಾರ್ಡಿನ ಮೋಟೌನ್ ಸಂಗ್ರಹಾಲಯಕ್ಕೆ ಹೋಗಿ, ಚಿತ್ರ ತೆಗೆಸಿಕೊಂಡು ಹಿಂದಿರುಗುತ್ತಾರೆ. ಅಲ್ಲಿಂದ ಹೆಚ್ಚು ದೂರವಿಲ್ಲದ, ವೇನ್ ಸ್ಟೇಟ್ ವಿಶ್ವವಿದ್ಯಾನಿಲಯದ ಉತ್ತರಕ್ಕಿರುವ ಸೆಕೆಂಡ್ ಅವೆನ್ಯೂವಿಗೆ ಹೋಗುವವರು ವಿರಳ. ಅಲ್ಲಿ 5840ನೆಯ ಸಂಖ್ಯೆಯದು ಎರಡು ಅಂತಸ್ತಿನ ಇಟ್ಟಿಗೆಯ ಮನೆ. ಸಂಸಾರವೊಂದು ಬಾಳಲೆಂದು ಕಟ್ಟಿದ ಆ ಮನೆ ಮುಂದೆ ‘ಯುನೈಟೆಡ್ ಸೌಂಡ್ ಸಿಸ್ಟಮ್ಸ್’ ಎಂಬ ಧ್ವನಿಮುದ್ರಣ ಮಂದಿರವಾಯಿತು. ಜಿಮ್ಮಿ ಸಿರಾಕ್ಯೂಸ್ ಎಂಬಾತನು 1930ರ ದಶಕದಲ್ಲಿ ಸ್ಥಾಪಿಸಿದ ಸಂಸ್ಥೆ ಇದು.

ಈ ಮಂದಿರಕ್ಕೆ ಕಾಲಿಟ್ಟವರ ಹೆಸರುಗಳನ್ನು ಕೇಳಿದರೆ ಬೆರಗಾಗುತ್ತದೆ. 1947ರ ಡಿಸೆಂಬರಿನಲ್ಲಿ ಜಾಝ್ ಸಂಗೀತದ ಚಾರ್ಲಿ ಪಾರ್ಕರನು ತರುಣ ಮೈಲ್ಸ್ ಡೇವಿಸನೊಡನೆ ಇಲ್ಲಿ ನುಡಿಸಿದನು. ಮರುವರ್ಷ, ಹಗಲು ಕಾರ್ಖಾನೆಯಲ್ಲಿ ದುಡಿದು ಇರುಳು ಹೇಸ್ಟಿಂಗ್ಸ್ ಬೀದಿಯಲ್ಲಿ ಹಾಡುತ್ತಿದ್ದ ಜಾನ್ ಲೀ ಹೂಕರನು, ಒಂದು ಗಿಟಾರು ಮತ್ತು ತನ್ನ ಪಾದದ ತಾಳ ಇವೆರಡನ್ನೇ ನಂಬಿ ಇಲ್ಲಿ ಮುದ್ರಿಸಿದ ಹಾಡು ದೇಶವನ್ನೆಲ್ಲ ಸುತ್ತಿ ಬಂದಿತು. 1959ರಲ್ಲಿ ಮೋಟೌನಿನ ಸ್ಥಾಪಕನಾದ ಬೆರಿ ಗೋರ್ಡಿಯೂ ತನ್ನ ಮೊಟ್ಟಮೊದಲ ತಟ್ಟೆಯನ್ನು ಮುದ್ರಿಸಿದುದು ಇಲ್ಲಿಯೇ. ಆದರೂ ಈ ಮನೆಯಲ್ಲಿ ಹುಟ್ಟಿದ ನಾದಗಳಲ್ಲೆಲ್ಲ ಹೆಚ್ಚು ಕಾಡುವುದು ಯಾವುದೆಂದು ಕೇಳಿದರೆ, ಅನೇಕರು ಹೇಳುವುದು 1971ರ ಒಂದು ತಟ್ಟೆಯ ಹೆಸರನ್ನು. ಅದೇ ‘ಫಂಕಡೆಲಿಕ್’ ತಂಡದ ‘ಮ್ಯಾಗಟ್ ಬ್ರೈನ್’. ಹುಳು ಹಿಡಿದ ಮಿದುಳು ಎಂಬುದು ಆ ಹೆಸರಿನ ಅರ್ಥ.

ಕ್ಷೌರದಂಗಡಿಯ ಗಾಯಕರು

ಆ ತಟ್ಟೆ ಮುದ್ರಣವಾದುದು ಡೆಟ್ರಾಯ್ಟಿನಲ್ಲಾದರೂ, ಅದನ್ನು ನುಡಿಸಿದವರ ಕಥೆ ತೊಡಗುವುದು ಬೇರೊಂದು ಊರಿನಲ್ಲಿ. ನ್ಯೂಯಾರ್ಕಿನಿಂದ ನೈಋತ್ಯಕ್ಕೆ ಸುಮಾರು 25 ಮೈಲಿ ದೂರದಲ್ಲಿ, ನ್ಯೂಜೆರ್ಸಿ ಪ್ರಾಂತದ ಪ್ಲೇನ್‌ಫೀಲ್ಡ್ ಎಂಬ ಪಟ್ಟಣವಿದೆ. 1950ರ ದಶಕದ ನಡುವಿನಲ್ಲಿ ಅಲ್ಲಿನ ಕ್ಷೌರದಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಐವರು ಹುಡುಗರು ಸೇರಿ ಹಾಡತೊಡಗಿದರು. ಅವರ ಮುಂದಾಳು ಜಾರ್ಜ್ ಕ್ಲಿಂಟನ್. ಒಂದು ಜಾತಿಯ ಸಿಗರೇಟಿನ ಹೆಸರನ್ನು ತೆಗೆದುಕೊಂಡು ಅವರು ತಮ್ಮನ್ನು ‘ಪಾರ್ಲಿಮೆಂಟ್ಸ್’ ಎಂದು ಕರೆದುಕೊಂಡರು. ಕ್ಲಿಂಟನನು ಮುಂದೆ ಊರಿನ ‘ಸಿಲ್ಕ್ ಪ್ಯಾಲೆಸ್’ ಎಂಬ ಕ್ಷೌರದಂಗಡಿಯಲ್ಲಿ ಪಾಲುದಾರನೂ ಆದನು. ಹಗಲೆಲ್ಲ ಗಿರಾಕಿಗಳ ಗುಂಗುರು ಕೂದಲನ್ನು ನೇರಗೊಳಿಸುವುದು, ಸಂಜೆ ಹಾಡುವುದು, ಬಿಡುವಿನಲ್ಲಿ ಮೋಟೌನ್ ಸಂಸ್ಥೆಗೆ ಹಾಡು ಬರೆಯುವುದು—ಹೀಗೆ ಹತ್ತು ವರ್ಷಗಳು ಉರುಳಿದವು.

1967ರಲ್ಲಿ ಅವರ ಹಾಡೊಂದು ಕೊನೆಗೂ ಜನಪ್ರಿಯವಾಯಿತು. ಊರೂರು ತಿರುಗಿ ಹಾಡಲು ಕರೆಗಳು ಬಂದವು. ಆದರೆ ಗಾಯಕರ ಹಿಂದೆ ನಿಂತು ನುಡಿಸಲು ವಾದ್ಯಗಾರರಿರಲಿಲ್ಲ. ಅಂಗಡಿಯಲ್ಲಿ ಕೆಲಸ ಮಾಡಿಕೊಂಡಿದ್ದ ಬಿಲ್ಲಿ ನೆಲ್ಸನ್ ಎಂಬ ಹುಡುಗನು ತನ್ನ ಗೆಳೆಯನೊಬ್ಬನ ಹೆಸರು ಹೇಳಿದನು. ಆ ಗೆಳೆಯನೇ ಎಡ್ಡಿ ಹೇಜಲ್. ಆಗ ಅವನಿಗೆ ಹದಿನೇಳು ವರ್ಷ.

ಹೇಜಲನ ತಾಯಿಯ ಹೆಸರು ಗ್ರೇಸ್ ಕುಕ್. ಬ್ರೂಕ್ಲಿನ್ನಿನ ಬೀದಿಗಳಲ್ಲಿ ಮಾದಕ ದ್ರವ್ಯದ ಹಾವಳಿ ಹೆಚ್ಚಿದುದನ್ನು ಕಂಡು, ಮಕ್ಕಳು ಕೆಟ್ಟಾರೆಂದು ಹೆದರಿ, ಸಂಸಾರವನ್ನು ಪ್ಲೇನ್‌ಫೀಲ್ಡಿಗೆ ಸಾಗಿಸಿದ ತಾಯಿ ಆಕೆ. ಅಣ್ಣನು ಕ್ರಿಸ್‌ಮಸ್ಸಿಗೆ ಉಡುಗೊರೆಯಾಗಿ ಕೊಟ್ಟ ಗಿಟಾರನ್ನು ಮಗನು ತಾನೇ ಕಲಿತನು. ಈಗ ಆ ಗಿಟಾರೇ ಅವನನ್ನು ಮನೆಯಿಂದ ಹೊರಕ್ಕೆ ಕರೆಯುತ್ತಿದ್ದಿತು. ತಾಯಿ ಮೊದಲು ಒಪ್ಪಲಿಲ್ಲ. ಕ್ಲಿಂಟನನೂ ನೆಲ್ಸನನೂ ಆಕೆಯ ಮನೆಗೆ ಹೋಗಿ, ಬಹುವಾಗಿ ಹೇಳಿ ಮನವೊಲಿಸಿದ ಮೇಲೆ ಮಗನನ್ನು ಕಳುಹಿಸಿಕೊಟ್ಟಳು. ಯಾವುದಕ್ಕೆ ಅಂಜಿ ಊರು ಬಿಟ್ಟು ಬಂದಿದ್ದಳೋ ಅದು ಮಗನನ್ನು ಪರಸ್ಥಳದಲ್ಲಿ ಕಾದುಕೊಂಡಿದೆಯೆಂದು ಆ ದಿನ ಆಕೆಗೆ ಹೇಳುವವರು ಯಾರು?

ಉರಿದ ಬೀದಿಗಳು

ಆ 1967ರ ಬೇಸಿಗೆ ಸುಖದ ಬೇಸಿಗೆಯಾಗಿರಲಿಲ್ಲ. ಜುಲೈ ತಿಂಗಳಿನಲ್ಲಿ ಪ್ಲೇನ್‌ಫೀಲ್ಡಿನಲ್ಲಿ ಗಲಭೆಯೆದ್ದಿತು. ಅದರ ಮರುವಾರವೇ, 23ನೆಯ ತಾರೀಖು ಭಾನುವಾರ ಬೆಳಗಿನ ಜಾವ, ಡೆಟ್ರಾಯ್ಟಿನ ಹನ್ನೆರಡನೆಯ ಬೀದಿಯಲ್ಲಿ ಪರವಾನಗಿಯಿಲ್ಲದ ಪಾನಗೃಹವೊಂದರ ಮೇಲೆ ಪೋಲೀಸರು ದಾಳಿ ಮಾಡಿದರು. ಅಲ್ಲಿ ಹೊತ್ತಿದ ಕಿಡಿ ಐದು ದಿನ ಆರಲಿಲ್ಲ. ಸೈನ್ಯವೇ ಬರಬೇಕಾಯಿತು. 43 ಜನ ಸತ್ತರು. 7,000ಕ್ಕಿಂತ ಹೆಚ್ಚು ಜನ ಸೆರೆಯಾದರು.

ಆ ಕೋಪ ಒಂದು ರಾತ್ರಿಯಲ್ಲಿ ಹುಟ್ಟಿದುದಲ್ಲ. ಹೂಕರನು ಹಾಡಿದ ಹೇಸ್ಟಿಂಗ್ಸ್ ಬೀದಿ ಕಪ್ಪು ಜನರ ಅಂಗಡಿ, ಹೋಟೆಲು, ಸಂಗೀತಶಾಲೆಗಳಿಂದ ತುಂಬಿ ತುಳುಕುತ್ತಿದ್ದ ಬೀದಿ. ನಗರ ಸುಧಾರಣೆಯ ಹೆಸರಿನಲ್ಲಿ ಅದರ ಸುತ್ತಣ ಮನೆಗಳನ್ನು ಕೆಡವಿ, ಬೀದಿಯ ಮೇಲೆಯೇ ಕ್ರೈಸ್ಲರ್ ಹೆದ್ದಾರಿಯನ್ನು ಹಾಯಿಸಲಾಯಿತು. 1960ರ ದಶಕದ ನಡುವಿನ ಹೊತ್ತಿಗೆ ಆ ಬೀದಿಯ ಬಹುಭಾಗ ಇಲ್ಲವಾಗಿದ್ದಿತು. ಮನೆ ಕಳೆದುಕೊಂಡವರು ಹನ್ನೆರಡನೆಯ ಬೀದಿಯಂತಹ ಕಡೆಗಳಲ್ಲಿ ಇಕ್ಕಟ್ಟಿನಲ್ಲಿ ತುಂಬಿಕೊಂಡರು. ಹೊತ್ತಿಕೊಂಡುದು ಅಲ್ಲಿಯೇ. ಇಂದು ಆ ಹನ್ನೆರಡನೆಯ ಬೀದಿಗೆ ರೋಸಾ ಪಾರ್ಕ್ಸ್ ಮಹಿಳೆಯ ಹೆಸರಿಟ್ಟಿದ್ದಾರೆ.

ಇಂತಹ ಊರನ್ನು ಕ್ಲಿಂಟನನು ತನ್ನ ಕಾರ್ಯಸ್ಥಾನವನ್ನಾಗಿ ಮಾಡಿಕೊಂಡನು. ಅಷ್ಟರಲ್ಲಿ ತಟ್ಟೆಗಳ ಸಂಸ್ಥೆಯೊಡನೆ ವ್ಯಾಜ್ಯ ಬಂದು, ‘ಪಾರ್ಲಿಮೆಂಟ್ಸ್’ ಎಂಬ ಹೆಸರನ್ನು ಬಳಸುವ ಹಕ್ಕೇ ಆತನಿಗೆ ತಪ್ಪಿಹೋಗಿದ್ದಿತು. ಅದಕ್ಕೆ ಅವನು ಹೂಡಿದ ಉಪಾಯ ಸೊಗಸಾದುದು. ಹಿಂದೆ ನಿಂತಿದ್ದ ವಾದ್ಯಗಾರರನ್ನು ಮುಂದಕ್ಕೆ ತಂದು, ಗಾಯಕರನ್ನು ಅತಿಥಿಗಳೆಂದು ಕರೆದು, ಡೆಟ್ರಾಯ್ಟಿನ ‘ವೆಸ್ಟ್‌ಬೌಂಡ್’ ಸಂಸ್ಥೆಯೊಡನೆ ಹೊಸ ಹೆಸರಿನಲ್ಲಿ ಒಪ್ಪಂದ ಮಾಡಿಕೊಂಡನು. ‘ಫಂಕಡೆಲಿಕ್’ ಎಂಬ ಆ ಹೆಸರನ್ನು ಹೊಸೆದವನು ನೆಲ್ಸನ್. ಮೊದಲ ಮಾತ್ರೆಯ ಮೇಲೆ ಬಲವಾದ ಪೆಟ್ಟು ಬಿದ್ದು, ಕೇಳಿದವರ ಕಾಲು ತಾನಾಗಿಯೇ ಕುಣಿಯುವಂತೆ ಮಾಡುವ ಕಪ್ಪು ಜನರ ತಾಳಪ್ರಧಾನ ಸಂಗೀತಕ್ಕೆ ಫಂಕ್ ಎಂದು ಹೆಸರು. ಆ ಕಾಲದ ಬಿಳಿಯ ತರುಣರ ರಾಕ್ ಸಂಗೀತದಲ್ಲಾದರೋ ವಿದ್ಯುತ್ ಗಿಟಾರಿನ ಆರ್ಭಟವೂ ಅಮಲಿನ ಸ್ವಪ್ನಗಳೂ ಮೆರೆಯುತ್ತಿದ್ದವು. ಈ ಎರಡು ಹೊಳೆಗಳು ಕೂಡಿದ ಸಂಗಮಸ್ಥಳವೇ ಫಂಕಡೆಲಿಕ್. ಡೆಟ್ರಾಯ್ಟಿನ ಬಿಳಿಯ ರಾಕ್ ತಂಡಗಳೊಡನೆ ಒಂದೇ ವೇದಿಕೆಯಲ್ಲಿ ನುಡಿಸಿ ಅವರು ಆ ಅಬ್ಬರವನ್ನು ಕಲಿತರು. ಮೋಟೌನಿನ ಗಾಯಕರು ಒಂದೇ ಬಗೆಯ ಸೂಟು ತೊಟ್ಟು ಹೆಜ್ಜೆಗೆ ಹೆಜ್ಜೆ ಸೇರಿಸುತ್ತಿದ್ದ ಊರಿನಲ್ಲಿ ಇವರು ಕಂಬಳಿ, ಹಾಸಿಗೆಯ ಹೊದಿಕೆಗಳನ್ನು ಸುತ್ತಿಕೊಂಡು ವೇದಿಕೆ ಏರಿದರು.

1970ರಲ್ಲಿ ಎರಡು ತಟ್ಟೆಗಳು ಬಂದವು. ಮೂರನೆಯದನ್ನು ಮುದ್ರಿಸಲು ಅವರು ಸೆಕೆಂಡ್ ಅವೆನ್ಯೂವಿನ ಆ ಮನೆಯಲ್ಲಿ ಸೇರಿದರು. ಗಿಟಾರಿಗೆ ಹೇಜಲ್ ಮತ್ತು ಟಾಲ್ ರಾಸ್. ಮಂದ್ರ ಗಿಟಾರಿಗೆ ನೆಲ್ಸನ್. ಡೋಲಿಗೆ ಟಿಕಿ ಫುಲ್‌ವುಡ್. ಆರ್ಗನ್ನಿಗೆ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಕ್ರಮವಾದ ಶಿಕ್ಷಣ ಪಡೆದಿದ್ದ ಬರ್ನಿ ವೊರೆಲ್.

ಹತ್ತು ನಿಮಿಷದ ಶೋಕ

ತಟ್ಟೆಯ ಮೊದಲ ಕೃತಿಯೇ ‘ಮ್ಯಾಗಟ್ ಬ್ರೈನ್’. ಅದು ಹುಟ್ಟಿದ ಬಗೆಯನ್ನು ಕ್ಲಿಂಟನನು ಅನೇಕ ಸಲ ಹೇಳಿಕೊಂಡಿದ್ದಾನೆ. ಅವನೂ ಹೇಜಲನೂ ಎಲ್‌ಎಸ್‌ಡಿ ಎಂಬ ಮಾದಕ ದ್ರವ್ಯದ ಅಮಲಿನಲ್ಲಿದ್ದರಂತೆ. ನುಡಿಸಲು ಸಿದ್ಧನಾಗಿ ನಿಂತ ಹುಡುಗನಿಗೆ ಕ್ಲಿಂಟನನು, ನಿನ್ನ ತಾಯಿ ಸತ್ತಳೆಂಬ ಸುದ್ದಿ ಈಗತಾನೆ ಬಂದಿತೆಂದು ಭಾವಿಸಿಕೊಂಡು ನುಡಿಸು, ಆಮೇಲೆ ಆ ಸುದ್ದಿ ಸುಳ್ಳು, ಆಕೆ ಬದುಕಿದ್ದಾಳೆಂದು ತಿಳಿದವನಂತೆ ನುಡಿಸು ಎಂದನಂತೆ.

ಹೇಜಲನಿಗೆ ಆಗ ಇಪ್ಪತ್ತು ವರ್ಷ. ತನ್ನನ್ನು ಒಲ್ಲದ ಮನಸ್ಸಿನಿಂದ ಕಳುಹಿಸಿಕೊಟ್ಟ ತಾಯಿಯ ಮುಖವನ್ನು ನೆನೆದುಕೊಂಡೇ ಅವನು ತಂತಿಗೆ ಬೆರಳಿಟ್ಟಿರಬೇಕು. ಮುಂದೆ ಬಂದುದು ಹತ್ತು ನಿಮಿಷದ ಒಂದು ನೀಳವಾದ ಅಳು. ತಟ್ಟೆ ತೊಡಗುವುದು ಭೂಮಾತೆಯನ್ನು ಕುರಿತು ಕ್ಲಿಂಟನನು ಆಡುವ ನಾಲ್ಕಾರು ಮಾತುಗಳಿಂದ. ಬಳಿಕ ಹಿನ್ನೆಲೆಯಲ್ಲಿ ಇನ್ನೊಂದು ಗಿಟಾರು ಸಣ್ಣಗೆ, ಮತ್ತೆ ಮತ್ತೆ ಅದೇ ಸ್ವರಗಳನ್ನು ಮೀಟುತ್ತ ಹೋಗುತ್ತದೆ. ಅದರ ಮೇಲೆ ಹೇಜಲನ ಗಿಟಾರು ಮೊದಲು ಬಿಕ್ಕುತ್ತದೆ, ಆಮೇಲೆ ಚೀರುತ್ತದೆ, ಮತ್ತೆ ಸೋತು ನೆಲಕ್ಕೆ ಒರಗಿದಂತೆ ಸಣ್ಣಗಾಗುತ್ತದೆ. ಉಳಿದವರೂ ಅಂದು ನುಡಿಸಿದ್ದರು. ಆದರೆ ಕ್ಲಿಂಟನನು ಮಿಶ್ರಣ ಮಾಡುವಾಗ ಅವರ ಡೋಲು ಮೊದಲಾದ ವಾದ್ಯಗಳನ್ನು ಹೆಚ್ಚುಕಡಿಮೆ ಕೇಳಿಸದಷ್ಟು ತಗ್ಗಿಸಿ, ಗಿಟಾರಿನ ನಾದಕ್ಕೆ ಪ್ರತಿಧ್ವನಿಯನ್ನು ಕೂಡಿಸಿದನು. ಮೃದಂಗ ಸುಮ್ಮನಿದ್ದಾಗ ವಿದ್ವಾಂಸನೊಬ್ಬನು ರಾಗಾಲಾಪನೆಯಲ್ಲಿ ಮುಳುಗಿಹೋಗುವುದನ್ನು ಕೇಳಿ ಬಲ್ಲ ನಮ್ಮ ಜನರಿಗೆ ಇದರ ಮರ್ಮ ಸುಲಭವಾಗಿ ತಿಳಿದೀತು. ಮಾತಿಲ್ಲ, ತಾಳದ ಕಟ್ಟಿಲ್ಲ. ಒಬ್ಬನ ಅಂತರಂಗ ಮಾತ್ರ.

ತಾಯಿ ಬದುಕಿದ್ದಾಳೆಂಬ ಸುದ್ದಿ ಈ ವಾದನದಲ್ಲಿ ಎಲ್ಲಿ ಬರುತ್ತದೆಂದು ಕೇಳುವವರು ಹುಡುಕುತ್ತಾರೆ. ಇಲ್ಲಿಯೇ ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ದುಃಖ ಪೂರ್ತಿಯಾಗಿ ಮುಗಿಯುವುದೇ ಇಲ್ಲ. ಆದರೆ ಕೊನೆಯ ಭಾಗದಲ್ಲಿ ಅದರ ಉರಿ ಇಳಿದು, ಅತ್ತು ಹಗುರಾದ ಮಗುವಿನ ಉಸಿರಿನಂತಹ ಒಂದು ಶಾಂತಿ ಬರುತ್ತದೆ.

ಉಳಿದ ಆರು ಹಾಡುಗಳು ಬೇರೆ ಬೇರೆ ರುಚಿಯವು. ಒಂದರಲ್ಲಿ ಚರ್ಚಿನ ಭಜನೆಯ ಧಾಟಿ, ಒಂದರಲ್ಲಿ ವೊರೆಲನ ಆರ್ಗನ್ನಿನ ಲಾಸ್ಯ. ಬಡವರು ಬಣ್ಣದ ಭೇದವನ್ನು ಮರೆತು ಒಂದಾಗದಿದ್ದರೆ ಯಾರಿಗೂ ಅನ್ನವಿಲ್ಲವೆಂಬ ಅರ್ಥದ ಹಾಡೊಂದಿದೆ. ‘ಸೂಪರ್ ಸ್ಟುಪಿಡ್’ ಎಂಬ ಹಾಡು, ಒಂದು ಮಾದಕ ದ್ರವ್ಯವೆಂದು ಮತ್ತೊಂದನ್ನು ಕೊಂಡು ಕೆಟ್ಟ ಮೂಢನ ಕಥೆ. ಅದನ್ನು ಹಾಡಿದವನು ಹೇಜಲನೇ. ಕೊನೆಯ ಕೃತಿಯಲ್ಲಿ ಡೋಲಿನ ಅಬ್ಬರದ ನಡುವೆ ಮಗುವಿನ ಅಳು, ಜನರ ಕೂಗು, ಸ್ಫೋಟದ ಸದ್ದು ಎಲ್ಲವೂ ಸೇರಿಕೊಂಡು, ಲೋಕವೇ ಕುಸಿದು ಬಿದ್ದಂತಾಗುತ್ತದೆ. ವಿಯೆಟ್ನಾಮಿನ ಯುದ್ಧದ ಕಾಲ, ಸುಟ್ಟ ಬೀದಿಗಳ ಊರು. ಇವೆರಡೂ ಆ ಮೂವತ್ತೇಳು ನಿಮಿಷಗಳಲ್ಲಿ ಅಡಗಿವೆ. ಹೊದಿಕೆಯ ಮೇಲೆ, ಮಣ್ಣಿನೊಳಗಿಂದ ತಲೆಯೊಂದನ್ನೇ ಹೊರಗಿಟ್ಟು ಬಾಯ್ತೆರೆದು ಕೂಗುತ್ತಿರುವ ಹೆಣ್ಣಿನ ಚಿತ್ರ. ಹಿಂಬದಿಯಲ್ಲಿ ಅದೇ ಸ್ಥಳದಲ್ಲಿ ಒಂದು ತಲೆಬುರುಡೆ.

ಚದುರಿದ ತಂಡ

1971ರ ಜುಲೈಯಲ್ಲಿ ತಟ್ಟೆ ಅಂಗಡಿಗಳಿಗೆ ಬಂದಿತು. ದೇಶದ ಮಾರಾಟದ ಪಟ್ಟಿಯಲ್ಲಿ ಅದು ಏರಿದುದು 108ನೆಯ ಸ್ಥಾನದವರೆಗೆ ಮಾತ್ರ. ಬಿಳಿಯರ ರಾಕ್ ಕೇಂದ್ರಗಳಿಗೆ ಅದು ಕಪ್ಪು ಸಂಗೀತ. ಕಪ್ಪು ಜನರ ರೇಡಿಯೋಗೆ ಅದು ರಾಕ್. ಎರಡು ಮನೆಯ ನೆಂಟ ಉಪವಾಸ ಎಂಬಂತಾಯಿತು.

ಅದನ್ನು ನುಡಿಸಿದವರು ಮತ್ತೆ ಆ ರೀತಿ ಒಟ್ಟಿಗೆ ಕೂಡಲಿಲ್ಲ. ಎಲ್‌ಎಸ್‌ಡಿಯ ಪೆಟ್ಟು ತಿಂದ ರಾಸನು ತಂಡದಿಂದ ಕಳಚಿಕೊಂಡನು. ಹಣದ ವಿಷಯದಲ್ಲಿ ಮನಸ್ತಾಪ ಬಂದು ನೆಲ್ಸನನು ಹೊರನಡೆದನು. ಹೇಜಲನೂ ದೂರವಾದನು. 1972ರಲ್ಲಿ ಮುಂದಿನ ತಟ್ಟೆ ಬರುವ ಹೊತ್ತಿಗೆ ಹೊಸ ಮುಖಗಳು ತುಂಬಿದ್ದವು. ಹೀಗಾಗಿ ‘ಮ್ಯಾಗಟ್ ಬ್ರೈನ್’ ಪ್ಲೇನ್‌ಫೀಲ್ಡಿನ ಆ ಹಳೆಯ ಹುಡುಗರ ತಂಡದ ಶಿಖರವೂ ಹೌದು, ಸಮಾಪ್ತಿಯೂ ಹೌದು.

ಸಿರಿ ಬಂದುದು ಆಮೇಲೆ. ಹಳೆಯ ಹೆಸರನ್ನು ‘ಪಾರ್ಲಿಮೆಂಟ್’ ಎಂದು ಮತ್ತೆ ಕೈವಶಮಾಡಿಕೊಂಡ ಕ್ಲಿಂಟನನು, ಎರಡು ಹೆಸರುಗಳಲ್ಲಿ ಒಂದೇ ದೊಡ್ಡ ಬಳಗವನ್ನು ನಡೆಸಿದನು. 1975ರ ‘ಮದರ್‌ಷಿಪ್ ಕನೆಕ್ಷನ್’ ತಟ್ಟೆಯ ತರುವಾಯ, ವೇದಿಕೆಯ ಮೇಲೆ ಆಕಾಶದಿಂದ ಒಂದು ಲೋಹದ ನೌಕೆಯೇ ಇಳಿದು ಬರುತ್ತಿದ್ದಿತು. 1978ರಲ್ಲಿ ಫಂಕಡೆಲಿಕ್ ಹೆಸರಿನ ತಟ್ಟೆಯೊಂದು ಹತ್ತು ಲಕ್ಷ ಪ್ರತಿಗಳ ಗಡಿಯನ್ನು ಮುಟ್ಟಿತು. ಆ ಮಾತೃನೌಕೆಯ ಮರುನಿರ್ಮಿತ ರೂಪವನ್ನು 2011ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆ ಪಡೆದುಕೊಂಡಿತು. ವಾಷಿಂಗ್ಟನ್ನಿನಲ್ಲಿ 2016ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ಸಂಗ್ರಹಾಲಯಕ್ಕೆ ಅದು ಸೇರಿತು.

ಆದರೆ ಆ ಸಂಭ್ರಮದ ವರ್ಷಗಳಲ್ಲಿಯೂ ಬಳಗ ಹಳೆಯ ಶೋಕಗೀತೆಯನ್ನು ಬಿಡಲಿಲ್ಲ. ಕ್ಲೀವ್‌ಲೆಂಡಿನ ಹದಿನೇಳು ವರ್ಷದ ಮೈಕೇಲ್ ಹ್ಯಾಂಪ್ಟನ್ ಎಂಬ ಹುಡುಗನಿಗೆ ತಂಡದಲ್ಲಿ ಜಾಗ ಸಿಕ್ಕಿದುದು, ಅವನು ‘ಮ್ಯಾಗಟ್ ಬ್ರೈನ್’ ಅನ್ನು ಸ್ವರಕ್ಕೆ ಸ್ವರ ಸೇರಿಸಿ ನುಡಿಸಿ ತೋರಿಸಿದುದರಿಂದ. ಹೇಜಲನೂ ಹದಿನೇಳರಲ್ಲಿಯೇ ಮನೆ ಬಿಟ್ಟು ಬಂದಿದ್ದನು!

ಹೇಜಲನು ಆಗಾಗ ಬಳಗಕ್ಕೆ ಮರಳಿ ಬರುತ್ತಿದ್ದನು. 1974ರ ತಟ್ಟೆಯ ಹಾಡುಗಳಲ್ಲಿ ಅವನ ಕೈವಾಡವೇ ಹೆಚ್ಚು. ಆದರೆ ಅದರ ಮೇಲೆ, ಹಾಡು ಕಟ್ಟಿದವರ ಸಾಲಿನಲ್ಲಿ ಅವನ ಹೆಸರನ್ನು ಹುಡುಕಿದರೆ ಸಿಗುವುದು ಬೇರೊಂದು ಹೆಸರು: ಗ್ರೇಸ್ ಕುಕ್. ತನ್ನ ಹೆಸರಿರಬೇಕಾದ ಕಡೆ ಮಗನು ತಾಯಿಯ ಹೆಸರನ್ನು ಬರೆಸಿದ್ದನು. ಆಕೆ ಅಂಜಿದ್ದ ಚಟಗಳು ಮಾತ್ರ ಅವನನ್ನು ಬಿಡಲಿಲ್ಲ. 1992ರ ಡಿಸೆಂಬರ್ 23ರಂದು, ನಲವತ್ತೆರಡರ ವಯಸ್ಸಿನಲ್ಲಿ, ಯಕೃತ್ತು ಕೆಟ್ಟು ಅವನು ತೀರಿಕೊಂಡನು. ಶವಸಂಸ್ಕಾರದ ದಿನ ಅಲ್ಲಿ ನೆರೆದವರಿಗೆ ಕೇಳಿಸಿದುದು ‘ಮ್ಯಾಗಟ್ ಬ್ರೈನ್’. ತಾಯಿಗಾಗಿ ಅತ್ತ ಗಿಟಾರು ಕೊನೆಗೆ ಅವನಿಗಾಗಿ ಅತ್ತಿತು. 1997ರಲ್ಲಿ ರಾಕ್ ಸಂಗೀತದ ಕೀರ್ತಿಮಂದಿರಕ್ಕೆ ಬಳಗದ ಹದಿನಾರು ಜನರನ್ನು ಸೇರಿಸಿಕೊಂಡಾಗ ಆ ಸಾಲಿನಲ್ಲಿ ಅವನೂ ಇದ್ದನು. ಗೌರವವನ್ನು ಸ್ವೀಕರಿಸಲು ಮಾತ್ರ ಇರಲಿಲ್ಲ.

ಮನೆಯ ಗತಿ

ಸೆಕೆಂಡ್ ಅವೆನ್ಯೂವಿನ ಮನೆಗೂ ಕಂಟಕ ತಪ್ಪಲಿಲ್ಲ. ಅದರ ಪಕ್ಕದಲ್ಲಿಯೇ ತಗ್ಗಿನಲ್ಲಿ ಹಾಯ್ದುಹೋಗುವ 94ನೆಯ ಹೆದ್ದಾರಿಯನ್ನು ಅಗಲಗೊಳಿಸುವ ಯೋಜನೆ ಬಂದಾಗ, ನಕ್ಷೆಯಲ್ಲಿ ಆ ಮನೆ ರಸ್ತೆಗೆ ಅಡ್ಡವಾಗಿ ಕಂಡಿತು. ಹೇಸ್ಟಿಂಗ್ಸ್ ಬೀದಿಯನ್ನು ನುಂಗಿದ ಹೆದ್ದಾರಿಯ ಹಸಿವು, ಆ ಬೀದಿಯ ಹಾಡನ್ನು ಮುದ್ರಿಸಿಕೊಂಡ ಮನೆಯ ಬಾಗಿಲಿಗೂ ಬಂದಂತಾಯಿತು.

ಈ ಸಲ ಊರಿನ ಜನ ಸುಮ್ಮನಿರಲಿಲ್ಲ. ಸಂಗೀತಪ್ರೇಮಿಗಳು ಸಭೆ ಸೇರಿದರು, ಅರ್ಜಿ ಬರೆದರು. 2015ರಲ್ಲಿ ಡೆಟ್ರಾಯ್ಟಿನ ನಗರಸಭೆಯು ಆ ಕಟ್ಟಡವನ್ನು ಐತಿಹಾಸಿಕವೆಂದು ಸಾರಿತು. ರಸ್ತೆಯ ಇಲಾಖೆಯವರು ಅದನ್ನು ಕೆಡವದೆ, ತಾವೇ ಕೊಂಡು ಪಕ್ಕದ ನಿವೇಶನಕ್ಕೆ ಸರಿಸುವ ಏರ್ಪಾಡಿಗೆ ಒಪ್ಪಿದರು. ಇಡೀ ಬೀದಿಯನ್ನೇ ಅಳಿಸಿದ ಊರು, ಅರ್ಧ ಶತಮಾನದ ಬಳಿಕ ಒಂದು ಮನೆಗಾಗಿ ಹೆದ್ದಾರಿಯೊಡನೆ ವಾದಿಸಿ ಗೆದ್ದಿತು.

ಅಲ್ಲಿಗೆ ಹೋದವನಿಗೆ ನೋಡಲು ಸಿಗುವುದು ಹೆಚ್ಚೇನೂ ಇಲ್ಲ. ಸುತ್ತಣ ಮನೆಗಳಂತೆಯೇ ಇರುವ ಇಟ್ಟಿಗೆಯ ಗೋಡೆ, ಕೆಳಗಿನ ಹೆದ್ದಾರಿಯಲ್ಲಿ ಎಡೆಬಿಡದೆ ಓಡುವ ವಾಹನಗಳ ಮೊರೆತ, ಅಷ್ಟೆ. ಆದರೂ ಆ ತಟ್ಟೆಯನ್ನು ಒಮ್ಮೆ ಕೇಳಿ ಬಂದವನು ಅಲ್ಲಿ ಸ್ವಲ್ಪ ಹೊತ್ತು ನಿಲ್ಲದೆ ಹೋಗಲಾರನು. ಈ ಗೋಡೆಗಳ ನಡುವೆ ಒಬ್ಬ ಇಪ್ಪತ್ತರ ಹುಡುಗನು ತಾಯಿ ಸತ್ತಳೆಂದು ಹತ್ತು ನಿಮಿಷ ಅತ್ತನು. ಆಗ ದೂರದ ಪ್ಲೇನ್‌ಫೀಲ್ಡಿನಲ್ಲಿ ತಾಯಿ ಜೀವಂತವಾಗಿಯೇ ಇದ್ದಳು.